ತಳದಲ್ಲಿ ಬರೆದ ತಾರೀಕು

ಖಾಲಿಯಾಗದ ಡಬ್ಬಿಯ ಬಗ್ಗೆ ನಾನು ಮಾತಾಡುವವಳಲ್ಲ. ಎರಡು ದಿನ ಹಚ್ಚಿ, ಕನ್ನಡಿಯ ಮುಂದೆ ಕೆನ್ನೆ ತಿರುಗಿಸಿ, ಎಂಥ ಹೊಳಪು ಎಂದು ಫೋನಿನಲ್ಲಿ ಬರೆದು ಬಿಸಾಡುವ ಹುಡುಗಿಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕ್ರೀಮು ಮುಗಿಯಬೇಕು, ತಳ ಕಾಣಬೇಕು, ಆಮೇಲೆ ಬಾಯಿ ಬಿಡಬೇಕು. ಹನ್ನೊಂದು ವರ್ಷದಿಂದ ಇದೇ ನನ್ನ ನಿಯಮ. ಆನ್‌ಲೈನ್ ಅಂಗಡಿಗಳೆಲ್ಲ ಬೆಲೆ ಇಳಿಸುವ ನವೆಂಬರ್ ಹನ್ನೊಂದರ ದೊಡ್ಡ ಮಾರಾಟಕ್ಕೆ ಮುಂಚೆ, ಅಕ್ಟೋಬರಿನ ಕೊನೆಯ ಭಾನುವಾರ, ವರ್ಷವಿಡೀ ಮುಗಿಸಿದ ಡಬ್ಬಿ, ಬಾಟಲಿ, ಟ್ಯೂಬುಗಳನ್ನೆಲ್ಲ ನೆಲದ ಮೇಲೆ ಬೋರಲಾಗಿ ಸಾಲುಗಟ್ಟಿಸಿ ಫೋಟೊ ತೆಗೆದು ಆನ್‌ಲೈನ್ ಹಾಕುತ್ತೇನೆ. ಪ್ರತಿಯೊಂದರ ತಳದಲ್ಲೂ ಅದನ್ನು ತೆರೆದ ತಾರೀಕು ನೇರಳೆ ಶಾಯಿಯಲ್ಲಿರುತ್ತದೆ. ನಾನು ಕೆಲಸ ಮಾಡುವುದು ನಮ್ಮ ಶಾವ್‌ಶಿಂಗ್ ಊರಿನ ಕೆಚ್ಯಾವ್‌ನ ಬಟ್ಟೆ ಮಾರುಕಟ್ಟೆಯಲ್ಲಿ. ಥಾನಿನ ಅಂಚಿಗೆ ಗುರುತು ಹಾಕುವ ಪೆನ್ನು ಅದು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕುದಿಯುವ ನೀರಿಗೂ ಜಗ್ಗುವುದಿಲ್ಲ.

ಯಾವ ಡಬ್ಬಿ ಎಷ್ಟು ತಿಂಗಳು ಬಂತು, ಮುಖಕ್ಕೆ ಒಗ್ಗಿತೋ ಇಲ್ಲವೋ, ಮತ್ತೆ ಕೊಳ್ಳುತ್ತೇನೋ ಇಲ್ಲವೋ, ಇಷ್ಟು ಬರೆದರೆ ಬರುವ ವರ್ಷದ ಖರೀದಿ ಪಟ್ಟಿ ತಾನಾಗಿಯೇ ಸಿದ್ಧ. ಜನ ನಂಬುತ್ತಾರೆ. ಶಾವ್‌ಶಿಂಗ್‌ನ ಯಾಚಿನ್ ಅಕ್ಕ ತಳ ತೋರಿಸದೆ ಮಾತಾಡುವುದಿಲ್ಲ ಎಂದು ನಲವತ್ತು ಸಾವಿರ ಜನ ನನ್ನನ್ನು ಓದುತ್ತಾರೆ. ಪ್ರತಿ ಬರಹದ ಕೊನೆಯಲ್ಲೂ ಒಂದು ಮಾತು ಇದ್ದೇ ಇರುತ್ತದೆ: ಖಾಲಿ ಡಬ್ಬಿಯನ್ನು ಒಡೆದು ಎಸೆಯಿರಿ, ಇಲ್ಲದಿದ್ದರೆ ಕಳ್ಳರು ಅದರಲ್ಲಿ ಏನೇನೋ ತುಂಬಿ ಹೊಸದೆಂದು ಮಾರುತ್ತಾರೆ. ಈ ಮಾತನ್ನು ಹತ್ತು ಸಲ ಬರೆದಿದ್ದೇನೆ. ಒಂದು ಸಲವೂ ಒಡೆದಿಲ್ಲ. ಫೋಟೊ ಮುಗಿದರೆ ನನ್ನ ಕೆಲಸ ಮುಗಿಯಿತು. ಪೆಟ್ಟಿಗೆಯನ್ನು ಅಮ್ಮನ ಕೈಗೆ ಕೊಟ್ಟು, ಒಡೆದು ಎಸೆಯಮ್ಮ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ.

ಈ ಸಲ ಆ ಭಾನುವಾರಕ್ಕೆ ಒಂಬತ್ತು ದಿನ ಇರುವಾಗ ಅಮ್ಮ ನನ್ನನ್ನು ಉಡುಗೊರೆಯ ಏಡಿಗಳ ಸಮೇತ ಮಾನ್‌ಚಿಯ ಮನೆಗೆ ಓಡಿಸಿದಳು. ಮಾನ್‌ಚಿ ನನ್ನ ತಮ್ಮ ಹೈಬೋ ಮದುವೆಯಾಗುವ ಹುಡುಗಿ. ಮಕ್ಕಳಿಗೆ ಈಜು ಕಲಿಸುತ್ತಾಳೆ. ಮಾತು ಕಡಿಮೆ, ಭುಜ ಅಗಲ, ದಿನವಿಡೀ ಔಷಧಿ ಹಾಕಿದ ನೀರಿನಲ್ಲಿರುವುದರಿಂದ ಚರ್ಮ ಒರಟು. ಮದುವೆ ನವೆಂಬರ್ ಹದಿನೈದಕ್ಕೆ. ನಮ್ಮಲ್ಲಿ ಮದುವೆಯ ದಿನ ಅತ್ತೆಗೆ ಚಹಾ ಕೊಟ್ಟು ಹಣವಿಟ್ಟ ಕೆಂಪು ಲಕೋಟೆ ಪಡೆದ ಮೇಲೆಯೇ ಸೊಸೆ ಅವಳನ್ನು ಅಮ್ಮ ಎಂದು ಕರೆಯುವುದು. ಅಲ್ಲಿಯತನಕ ಬರೀ ಆಂಟಿ. ಅಮ್ಮ ಆ ಲಕೋಟೆಯನ್ನು ಬೇಸಿಗೆಯಲ್ಲೇ ತಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ಏಡಿಗಳನ್ನು ಸಿಂಕಿಗೆ ಹಾಕಿ ಕೈ ತೊಳೆಯಲು ಬಚ್ಚಲಿಗೆ ಹೋದೆ. ಕನ್ನಡಿಯ ಕೆಳಗೆ ಆ ಡಬ್ಬಿ ಇತ್ತು, ದಪ್ಪ ಹಸಿರು ಗಾಜಿನದು. ನಿಶ್ಚಿತಾರ್ಥಕ್ಕೆ ಅಮ್ಮ ಕೊಟ್ಟ ಉಡುಗೊರೆ. ಕಳೆದ ವರ್ಷ ನಾನು ಹೊಗಳಿ ಹೊಗಳಿ ಬರೆದಿದ್ದ ಕ್ರೀಮು. ಅಭ್ಯಾಸ ಬಿಡುತ್ತದೆಯೇ, ಎತ್ತಿ ತಳ ನೋಡಿದೆ. ತಳಕ್ಕೆ ಚಿನ್ನದ ಬಣ್ಣದ ದುಂಡು ಚೀಟಿ ಅಂಟಿಸಿದ್ದರು. ಬಚ್ಚಲಿನ ಹಬೆಗೋ ಏನೋ ಅದರ ಒಂದು ಅಂಚು ಮೇಲೆದ್ದಿತ್ತು. ಅಂಚಿನ ಕೆಳಗೆ ನೇರಳೆ ಬಣ್ಣ. ಉಗುರಿನಿಂದ ಇನ್ನಷ್ಟು ಎತ್ತಿದೆ. ಮಾರ್ಚ್ 9. ನನ್ನದೇ ಅಕ್ಷರ, ನನ್ನದೇ ಬಾಲ ಸೊಟ್ಟಗಿರುವ ಒಂಬತ್ತು.

ಮುಚ್ಚಳ ತೆಗೆದೆ, ಅರ್ಧ ಕ್ರೀಮು ಇತ್ತು. ಮೂಸಿದೆ. ಒಳಗಿರುವುದು ಎಂಥ ಹಾಳು ಮಾಲು ಎಂದು ಒಂದೇ ಉಸಿರಿಗೆ ಗೊತ್ತಾಯಿತು. ಅಷ್ಟರಲ್ಲಿ ಮಾನ್‌ಚಿ ಹೊರಗಿನಿಂದ, ಅಕ್ಕ, ಟವೆಲ್ ಬೇಕಾ ಎಂದು ಕೇಳಿದಳು. ಬೇಡ ಎಂದು ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಕಳ್ಳಿಯ ಹಾಗೆ ಹೊರಗೆ ಬಂದೆ.

ಬಸ್ಸಿನಲ್ಲಿ ಕೂರಲಾಗಲಿಲ್ಲ. ಸೀಟು ಖಾಲಿಯಿದ್ದರೂ ನಿಂತೇ ಬಂದೆ. ಅಮ್ಮ ಕದ್ದು ಮುಚ್ಚಿ ಕೆಲಸ ಮಾಡುವವಳಲ್ಲ, ಅದು ನನಗೆ ಗೊತ್ತು. ಮನೆಗೆ ಬಂದು, ಚಪ್ಪಲಿ ಬಿಚ್ಚುತ್ತ, ಏನೂ ಗೊತ್ತಿಲ್ಲದವಳ ಹಾಗೆ ಮಾನ್‌ಚಿಯ ಕ್ರೀಮು ಎಲ್ಲಿ ಸಿಕ್ಕಿತಮ್ಮ ಎಂದೆ. ಅಮ್ಮನ ಮುಖ ಅರಳಿತು. ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ ಚಪ್ಪಲಿ ಮಾರುವ ಹೆಂಗಸು, ಪರಿಚಯದವರಿಗೆ ಮಾತ್ರ ಬಟ್ಟೆಯ ಕೆಳಗಿನಿಂದ ತೆಗೆದು ಕೊಡುತ್ತಾಳಂತೆ. ಅವಳ ತಮ್ಮ ಹಡಗಿನಲ್ಲಿದ್ದಾನಂತೆ, ಸುಂಕವಿಲ್ಲದ ಮಾಲಂತೆ.

"ಒಳ್ಳೆ ಜನ ಕಣೇ ಅವರು. ನಿನ್ನ ಖಾಲಿ ಡಬ್ಬಿ ತಗೊಂಡು ಮೊಟ್ಟೆ ಕೊಡ್ತಾನಲ್ಲ ಆ ಗಂಡಸು, ಅವನ ಹೆಂಡ್ತಿ ಅವಳು," ಎಂದಳು.

ಮೊಟ್ಟೆ. ವರ್ಷಕ್ಕೊಮ್ಮೆ ಫೋಟೊ ತೆಗೆದ ಮಾರನೆಯ ದಿನ ನಮ್ಮ ಮನೆಯಲ್ಲಿ ಮೊಟ್ಟೆ ಯಾಕೆ ಜಾಸ್ತಿ ಇರುತ್ತಿದ್ದವು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಟೊಮೇಟೊ ಹಾಕಿ ಬೇಯಿಸಿ ಬಡಿಸಿದ್ದಳು, ತಿಂದಿದ್ದೆ. ಗಟ್ಟಿ ಗಾಜು ಒಡೆಯೋಕೆ ಮನಸ್ಸು ಬರಲ್ಲ ಎಂದಳು ಅಮ್ಮ. ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಹೆಂಗಸು. ಚಳಿ ಬಂದರೆ ಬೆರಳುಗಳು ಸೀಳುತ್ತವೆ. ಕಪ್ಪೆಚಿಪ್ಪಿನಲ್ಲಿ ತುಂಬಿ ಮಾರುವ ಅಗ್ಗದ ಮುಲಾಮು ಬಿಟ್ಟು ಬೇರೆ ಏನನ್ನೂ ಹಚ್ಚಿದವಳಲ್ಲ. ತನ್ನ ಜೀವಮಾನದಲ್ಲಿ ಕೊಂಡ ಒಂದೇ ಒಂದು ದುಬಾರಿ ಕ್ರೀಮು ಇದು. ಅದು ಕಳ್ಳಮಾಲು, ತುಂಬಿದ್ದು ನನ್ನದೇ ಹಳೇ ಡಬ್ಬಿಯಲ್ಲಿ ಎಂದು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

ಆದರೆ ಸುಮ್ಮನಿರುವುದು ಹೇಗೆ? ಆ ಹುಡುಗಿ ದಿನವೂ ಆ ಕೊಳಕನ್ನು ಮುಖಕ್ಕೆ ಬಳಿಯುತ್ತಿದ್ದಾಳೆ. ಮದುವೆಗೆ ಇನ್ನು ನಾಲ್ಕು ವಾರ ಪೂರ್ತಿ ಇಲ್ಲ. ಮುಖ ಊದಿಕೊಂಡರೆ? ಅದಕ್ಕಿಂತ ಕೆಟ್ಟದ್ದು, ಚೀಟಿ ಪೂರ್ತಿ ಎದ್ದು ಬಂದರೆ? ಗಂಡಿನ ಅಕ್ಕ ಬಳಸಿ ಬಿಟ್ಟ ಡಬ್ಬಿಗೆ ಏನನ್ನೋ ತುಂಬಿ ನಿಶ್ಚಿತಾರ್ಥಕ್ಕೆ ಕೊಟ್ಟರು ಎಂದು ಅವಳ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಅಮ್ಮ ಆ ಮಾತು ಕೇಳಿ ತಲೆಯೆತ್ತುವುದುಂಟೇ? ಹೇಗಾದರೂ ಮಾಡಿ ಆ ಡಬ್ಬಿ ನನ್ನ ಕೈಗೆ ಬರಬೇಕಿತ್ತು, ಅಮ್ಮನಿಗೂ ಗೊತ್ತಾಗದೆ, ಮಾನ್‌ಚಿಗೂ ಗೊತ್ತಾಗದೆ.

ಮೊದಲು ಫೋನಿನಲ್ಲಿ ಬಣ್ಣದ ಮಾತು ಹೇಳಿ ನೋಡಿದೆ. ಆ ಕ್ರೀಮು ಬೇಸಿಗೆಗೆ ಸರಿ, ಚಳಿಗೆ ಸಾಲದು, ಅದನ್ನು ನನಗೆ ಕೊಡು, ನನ್ನ ಹತ್ತಿರ ತೆರೆಯದ ದಪ್ಪ ಕ್ರೀಮಿದೆ, ಬದಲಿಗೆ ತಗೋ ಎಂದೆ. ಮಾನ್‌ಚಿ ಮೆತ್ತಗೆ, ಇದು ಆಂಟಿ ಕೊಟ್ಟಿದ್ದು, ಯಾರಿಗೂ ಕೊಡಲ್ಲ ಅಕ್ಕ ಎಂದಳು. ಬೇರೆ ದಿನವಾಗಿದ್ದರೆ ಮೆಚ್ಚುತ್ತಿದ್ದೆ. ಅವತ್ತು ಫೋನು ಕುಕ್ಕಿದೆ. ಎಂಥ ಹಟಮಾರಿ ಹುಡುಗಿ, ಒಳ್ಳೆಯದು ಹೇಳಿದರೆ ತಿಳಿಯುವುದಿಲ್ಲ ಎಂದು ಗೋಡೆಗೆ ಬೈದೆ.

ನಾಲ್ಕನೆಯ ದಿನ ಕೆಲಸದಿಂದ ಬೇಗ ಹೊರಟು ಮಾರುಕಟ್ಟೆಗೆ ಹೋದೆ. ಚಪ್ಪಲಿ ಹೆಂಗಸು ಸೂರ್ಯಕಾಂತಿ ಬೀಜ ಕಚ್ಚಿ ಉಗುಳುತ್ತ ಕೂತಿದ್ದಳು. ನಾನು ದನಿ ಏರಿಸಿದೆ. ಖಾಲಿ ಡಬ್ಬಿಗೆ ಏನು ತುಂಬಿ ಮಾರುತ್ತಿದ್ದೀಯ, ಹೆಣ್ಣುಮಕ್ಕಳ ಮುಖ ಹಾಳು ಮಾಡುತ್ತಿದ್ದೀಯ ಎಂದೆಲ್ಲ ಕೇಳಿದೆ. ಅವಳು ಏಳಲೂ ಇಲ್ಲ.

"ಯಾವ ಡಬ್ಬಿ? ತಗೊಂಡು ಬಾ. ಯಾರಿಗೆ ಮಾರಿದ್ದು? ಕರ್ಕೊಂಡು ಬಾ, ಇಲ್ಲೇ ನಿಲ್ಲಿಸಿ ಕೇಳೋಣ," ಎಂದಳು.

ಸುತ್ತ ಮೀನಿನವಳು, ತೋಫು ಮಾರುವವನು, ಎಲ್ಲರೂ ತಿರುಗಿ ನೋಡಿದರು. ಅವರಿಗೆಲ್ಲ ಅಮ್ಮ ಗೊತ್ತು. ಇನ್ನೊಂದು ಮಾತಾಡಿದರೆ ಇವಳು ಅಮ್ಮನ ಹೆಸರು ಹೇಳುತ್ತಾಳೆ, ಸಂಜೆಯೊಳಗೆ ಓಣಿಯೆಲ್ಲ ಸುದ್ದಿ. ಏನೂ ಮಾಡಲಾಗದೆ ಒಂದು ಕಟ್ಟು ಹಸಿ ಈರುಳ್ಳಿ ಕೊಂಡು ವಾಪಸ್ಸು ಬಂದೆ. ಅದೇ ರೀತಿ ಉಳಿದ ದಿನಗಳೂ ಕಳೆದವು. ಅಂಗಡಿಯಲ್ಲಿ ಬಣ್ಣದ ತುಂಡು ಹೊಂದಿಸುವಾಗ ಬೂದಿಗೂ ಬೆಳ್ಳಿಗೂ ವ್ಯತ್ಯಾಸ ಕಾಣದೆ ಯಜಮಾನನಿಂದ ಬೈಸಿಕೊಂಡೆ. ಹೈಬೋ ಕಳಿಸಿದ ಪ್ರತಿ ಫೋಟೊದಲ್ಲೂ ಮಾನ್‌ಚಿಯ ಕೆನ್ನೆಯನ್ನು ದೊಡ್ಡದು ಮಾಡಿ ಗುಳ್ಳೆ ಹುಡುಕಿದೆ. ಒಂದು ಫೋಟೊದಲ್ಲಿ ಗದ್ದದ ಮೇಲೆ ಕೆಂಪು ಚುಕ್ಕೆ ಕಂಡು ತಕ್ಷಣ ಫೋನು ಮಾಡಿದೆ. ಏನದು ಎಂದು ಕೇಳಿದರೆ, ಮೆಣಸಿನಕಾಯಿ ಸಾಸು ಎಂದು ತಮ್ಮ ನಕ್ಕ.

ಕೊನೆಗೆ ಹೊಳೆದದ್ದು ನನ್ನ ಭಾನುವಾರವೇ. ಈ ಸಲದಿಂದ ನೀನೂ ನಮ್ಮ ಪಟ್ಟಿಗೆ ಸೇರು ಎಂದು ಮಾನ್‌ಚಿಗೆ ಹೇಳಿದೆ. ಖಾಲಿಯಾದದ್ದು, ಅರ್ಧವಾದದ್ದು ಎಲ್ಲ ತರಬೇಕು, ಅಳತೆ ನೋಡಿ ನಿನ್ನ ವರ್ಷದ ಲೆಕ್ಕ ಹಾಕುತ್ತೇನೆ ಎಂದೆ. ತಂದರೆ ಸಾಕು, ಕೈ ತಪ್ಪಿ ಬೀಳಿಸಿದೆ ಎಂದು ಒಡೆದುಬಿಡುವುದು ನನ್ನ ಯೋಜನೆ. ಈ ಸಲ ಅವಳು ಒಂದೇ ಮಾತಿಗೆ ಬರುತ್ತೇನೆ ಎಂದಳು.

ಭಾನುವಾರ ಬೆಳಿಗ್ಗೆ ಕೆಳಮನೆಯ ಗೂ ಅಕ್ಕ ಎಂದಿನಂತೆ ಮೊದಲು ಬಂದಳು. ಆಮೇಲೆ ಮಾನ್‌ಚಿ, ಈಜಿನ ಚೀಲದ ತುಂಬ ಬಾಟಲಿ ಹೊತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಸಣ್ಣ ಸುತ್ತಿಗೆಯಿಂದ ಗಿಂಕೊ ಮರದ ಗಟ್ಟಿ ಸಿಪ್ಪೆಯ ಬೀಜ ಒಡೆಯುತ್ತಿದ್ದಳು. ಅವಳು ಯಾವತ್ತೂ ನಮ್ಮ ಜೊತೆ ಕೂರುವುದಿಲ್ಲ, ಅಲ್ಲಿಂದಲೇ ಕೇಳಿಸಿಕೊಳ್ಳುತ್ತಾಳೆ. ಗೂ ಅಕ್ಕ ತನ್ನ ಒಂಬತ್ತು ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಬೈದಳು. ಒಂದು ಅಂಟು ಅಂಟು, ಒಂದು ಬರೀ ನೀರು, ಇನ್ನೊಂದು ಹಚ್ಚಿದ ದಿನದಿಂದ ಗಂಡ ಬೇರೆ ಕೋಣೆಯಲ್ಲಿ ಮಲಗುತ್ತಾನೆ, ಅದಂತೂ ಮತ್ತೆ ಕೊಳ್ಳಲೇಬೇಕು ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಣ್ಣು ಈಜಿನ ಚೀಲದ ಮೇಲಿತ್ತು.

ಮಾನ್‌ಚಿ ತನ್ನದನ್ನು ಜೋಡಿಸಿದಳು. ಬಿಸಿಲಿನ ಕ್ರೀಮು ನಾಲ್ಕು ಟ್ಯೂಬು, ತಲೆ ತೊಳೆಯುವುದು ಮೂರು, ಮುಖ ತೊಳೆಯುವುದು ಎರಡು. ಕೊನೆಗೆ ಹಸಿರು ಡಬ್ಬಿ. ಅರ್ಧ ಇದ್ದದ್ದು ಒಂಬತ್ತು ದಿನದಲ್ಲಿ ಪೂರ್ತಿ ಖಾಲಿ, ತೊಳೆದು ಒರೆಸಿ ಫಳಫಳ ಎನ್ನುತ್ತಿತ್ತು. ಅಷ್ಟನ್ನೂ ಬಳಿದುಕೊಂಡಳೇ ಈ ಹುಡುಗಿ? ಅಮ್ಮನ ಸುತ್ತಿಗೆ ನಿಂತಿತು.

ಎರಡು ತಿಂಗಳಲ್ಲಿ ಮುಗಿಯಿತು ಎಂದಳು ಮಾನ್‌ಚಿ, ನನ್ನ ಮೂರು ಪ್ರಶ್ನೆಗಳ ಕ್ರಮದಲ್ಲೇ. ಮುಖಕ್ಕೆ ಒಗ್ಗಿತು. ಮತ್ತೆ ಕೊಳ್ಳುವುದಿಲ್ಲ, ಯಾಕೆಂದರೆ ದುಬಾರಿ, ಇಷ್ಟು ದೊಡ್ಡ ಉಡುಗೊರೆ ಒಂದು ಸಲ ಸಾಕು. ಅಮ್ಮ ತಲೆ ತಗ್ಗಿಸಿ ಬೀಜ ಒಡೆಯತೊಡಗಿದಳು, ಆದರೆ ಸುತ್ತಿಗೆ ಎರಡು ಸಲ ಬೀಜ ಬಿಟ್ಟು ಹಲಗೆಗೆ ಬಿತ್ತು. ಅವಳಿಗೆ ಅಷ್ಟು ಖುಷಿ.

ಫೋಟೊ ತೆಗೆಯುವಾಗ ಆ ಡಬ್ಬಿಯೊಂದನ್ನು ಮಾತ್ರ ಬೋರಲು ಹಾಕಲಿಲ್ಲ. ಗೂ ಅಕ್ಕ ಹೋದಳು. ಅಮ್ಮ ಬೀಜಗಳನ್ನು ಹುರಿಯಲು ಒಳಗೆ ಹೋದಳು. ನಾನು ಡಬ್ಬಿಗೆ ಕೈ ಚಾಚುವಷ್ಟರಲ್ಲಿ ಮಾನ್‌ಚಿ ಅದನ್ನು ಎತ್ತಿಕೊಂಡಳು. ಅಮ್ಮ ಬಿಟ್ಟುಹೋದ ಸುತ್ತಿಗೆಯನ್ನೂ ಎತ್ತಿಕೊಂಡು, ಬಾಲ್ಕನಿಯ ಕಡೆಗೆ ಕಣ್ಣು ಮಾಡಿದಳು. ಅಲ್ಲಿ ಹಳೇ ಟವೆಲಿನಲ್ಲಿ ಡಬ್ಬಿಯನ್ನು ಸುತ್ತಿ ನೆಲಕ್ಕಿಟ್ಟಳು.

"ಇದನ್ನ ಒಡೀಬೇಕಲ್ವಾ ಅಕ್ಕ? ನೀವೇ ಬರೀತೀರಲ್ಲ."

ನಾನು ಅವಳ ಮುಖ ನೋಡಿದೆ. ಚೀಟಿಯ ಅಂಚು ಮೇಲೆದ್ದಿದ್ದು ಹಬೆಗಲ್ಲ ಎಂದು ಆಗ ತಲೆಗೆ ಹೋಯಿತು.

"ಗೊತ್ತಿತ್ತಾ ನಿನಗೆ?"

"ಕೊಟ್ಟ ದಿನಾನೇ. ಬ್ಯಾಚ್ ನಂಬರ್ ನೋಡೋಣ ಅಂತ ಚೀಟಿ ಕಿತ್ತೆ. ನಿಮ್ಮ ಶಾಯಿ. ಹೋದ ವರ್ಷದ ನಿಮ್ಮ ಫೋಟೊ ತೆಗೆದು ನೋಡಿದೆ, ಎರಡನೇ ಸಾಲಲ್ಲಿತ್ತು."

"ಏನಂದ್ಕೊಂಡೆ?"

"ಇನ್ನೇನು ಅಂದ್ಕೊಳ್ಳೋದು? ನೀವು ಬಳಸಿ ಬಿಟ್ಟಿದ್ದಕ್ಕೆ ಏನೋ ತುಂಬಿ ಕೊಟ್ರಿ ಅಂತ. ಹೈಬೋ ಜೊತೆ ಎರಡು ದಿನ ಮಾತಾಡ್ಲಿಲ್ಲ. ಮದುವೆ ಬೇಡ ಅಂತ ಹೇಳೋಕೆ ನಮ್ಮಮ್ಮಂಗೆ ಫೋನ್ ಹಚ್ಚಿ, ಅವಳು ಎತ್ತೋಕೆ ಮುಂಚೆ ಇಟ್ಟೆ."

ನಾನು ಏನೋ ವಿವರಣೆ ಕೊಡಲು ಹೋದೆ, ಅವಳು ಕೈಯೆತ್ತಿ ತಡೆದಳು. ಮೂರನೆಯ ದಿನ ನನ್ನ ಅಮ್ಮ ಎರಡು ಬಸ್ಸು ಬದಲಾಯಿಸಿ ಈಜುಕೊಳಕ್ಕೆ ಹೋಗಿದ್ದಳಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಮಕ್ಕಳ ಪಾಠ ಮುಗಿಯುವ ತನಕ ಒದ್ದೆ ಬೆಂಚಿನ ಮೇಲೆ ಕಾದು ಕೂತು, ಕ್ರೀಮು ಒಗ್ಗಿತಾ ಎಂದು ಕೇಳಿದಳಂತೆ.

"ನನ್ನ ಕೆನ್ನೆ ಮುಟ್ಟಿ ನೋಡಿದ್ರು. ಅವರ ಬೆರಳೆಲ್ಲ ಸೀಳು ಸೀಳು. ಮೋಸ ಮಾಡಿದೋರು ಹಂಗೆ ಕೇಳೋಕೆ ಬರಲ್ಲ ಅಕ್ಕ. ಅವರಿಗೇ ಯಾರೋ ಮೋಸ ಮಾಡಿದ್ದಾರೆ ಅಂತ ಗೊತ್ತಾಯ್ತು. ಮನೆಗೆ ಹೋಗಿ ಅದನ್ನ ಸುರಿದು, ನನ್ನ ಮಾಮೂಲಿ ಕ್ರೀಮ್ ತುಂಬ್ಕೊಂಡೆ. ಅವರು ಬಂದಾಗ ಖಾಲಿಯಾಗ್ತಾ ಇರೋದು ಕಾಣ್ಲಿ ಅಂತ."

ಹಾಗಾದರೆ ನಾನು ಒಂದೇ ಉಸಿರಿಗೆ ಹಾಳು ಮಾಲೆಂದು ತೀರ್ಮಾನಿಸಿದ್ದು ಅವಳ ದಿನನಿತ್ಯದ ಕ್ರೀಮು. ಒಂಬತ್ತು ದಿನ ನಾನು ಗೋಡೆಗೆ ಬೈದು, ಮಾರುಕಟ್ಟೆಯಲ್ಲಿ ಕೂಗಾಡಿ, ಸುಳ್ಳು ಹೆಣೆದು ಕಾಪಾಡಲು ಹೊರಟಿದ್ದ ಅಮ್ಮನ ಮರ್ಯಾದೆಯನ್ನು ಈ ಹುಡುಗಿ ಎರಡು ತಿಂಗಳಿಂದ ಸದ್ದಿಲ್ಲದೆ ಕಾಪಾಡಿಕೊಂಡು ಬಂದಿದ್ದಳು. ನನಗೆ ನಾಚಿಕೆಯಾಯಿತು. ಸುತ್ತಿಗೆ ಈಸಿಕೊಂಡು ನಾನೇ ಹೊಡೆದೆ. ದಪ್ಪ ಗಾಜು, ಮೂರನೆಯ ಪೆಟ್ಟಿಗೆ ಒಡೆಯಿತು.

ಸದ್ದಿಗೆ ಅಮ್ಮ ಸೌಟು ಹಿಡಿದೇ ಓಡಿ ಬಂದಳು. ಟವೆಲ್ ಬಿಚ್ಚಿ ಹಸಿರು ಚೂರುಗಳನ್ನು ನೋಡಿ, ಅಯ್ಯೋ, ಒಳ್ಳೇ ಡಬ್ಬಿ, ಅವನು ತಗೋತಿದ್ದ ಎಂದಳು. ಇನ್ನು ಯಾರಿಗೂ ಕೊಡಬೇಡಮ್ಮ ಎಂದೆ ನಾನು. ಜನ ಖಾಲಿ ಡಬ್ಬಿಗೆ ಏನೇನೋ ತುಂಬಿ ಹೊಸದೆಂದು ಮಾರುತ್ತಾರೆ, ಆ ಹೆಂಗಸಿನ ಹತ್ತಿರ ಏನನ್ನೂ ಕೊಳ್ಳಬೇಡ ಎಂದೂ ಹೇಳಿದೆ. ಅಷ್ಟು ಹೇಳಲೇಬೇಕಿತ್ತು. ಅಮ್ಮನ ಮುಖದ ಬಣ್ಣ ಇಳಿಯಿತು. ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಮಾನ್‌ಚಿಯ ಕಡೆ ತಿರುಗಿದಳು.

"ಹಂಗಾದ್ರೆ ನಾನು ಕೊಟ್ಟಿದ್ದು?"

ಮಾನ್‌ಚಿ ರೆಪ್ಪೆ ಬಡಿಯಲಿಲ್ಲ.

"ಅದು ಒಳ್ಳೇದೇ ಅಮ್ಮ. ತಳ ಕಾಣೋ ತನಕ ಹಚ್ಚಿದ್ದೀನಲ್ಲ, ನಂಗೆ ಗೊತ್ತಾಗಲ್ವಾ?"

ಅಮ್ಮ. ಚಹಾ ಇಲ್ಲ, ಲಕೋಟೆ ಇಲ್ಲ, ಮದುವೆಗೆ ಇನ್ನೂ ಮೂರು ವಾರವಿತ್ತು. ಅಮ್ಮ ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ನಂಗೆ ಗೊತ್ತಿತ್ತು," ಎಂದಳು, ನನಗೆ ಬುದ್ಧಿ ಹೇಳುವವಳ ಹಾಗೆ. "ಸುಮ್ನೆ ತಂದಿದ್ದಲ್ಲ. ಮುಚ್ಚಳ ತೆಗೆಸಿ ಮೂಸಿ ನೋಡೇ ತಂದಿದ್ದು. ನಿನ್ನ ಡಬ್ಬಿ ವಾಸನೆ ನಂಗೆ ಗೊತ್ತಿಲ್ವಾ? ಅದೇ ವಾಸನೆ."

ಮಾನ್‌ಚಿ ನನ್ನನ್ನು ನೋಡಲಿಲ್ಲ, ನಾನೂ ಅವಳನ್ನು ನೋಡಲಿಲ್ಲ. ನನ್ನದೇ ಡಬ್ಬಿ, ಅದೇ ವಾಸನೆ ಇರದೆ ಇನ್ನೇನು? ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ನನ್ನ ಕ್ರೀಮಿನ ವಾಸನೆ ಅಮ್ಮನಿಗೆ ಹೇಗೆ ಗೊತ್ತು? ಹನ್ನೊಂದು ವರ್ಷದಲ್ಲಿ ನಾನು ಒಂದು ದಿನವೂ ಅವಳಿಗೆ ಹಚ್ಚಿಕೋ ಎಂದು ಕೊಟ್ಟಿರಲಿಲ್ಲ. ಖಾಲಿಯಾದ ಮೇಲೆಯೇ ಡಬ್ಬಿ ಅವಳ ಕೈಗೆ ಹೋಗುತ್ತಿದ್ದದ್ದು.

ಒಳಗೆ ಬಂದು ಬರುವ ವರ್ಷದ ಪಟ್ಟಿ ತೆರೆದೆ. ನನ್ನ ಹೆಸರು, ಗೂ ಅಕ್ಕನ ಹೆಸರು, ಹೊಸದಾಗಿ ಮಾನ್‌ಚಿಯ ಹೆಸರು. ಅದರ ಕೆಳಗೆ ಅಮ್ಮ ಎಂದು ಬರೆದೆ. ಅಮ್ಮ ಹುರಿದ ಬೀಜದ ತಟ್ಟೆ ತಂದು ನಮ್ಮ ಮುಂದೆ ಇಟ್ಟಳು. ಬಗ್ಗಿ ನೋಡಿ, ನಂಗ್ಯಾಕೆ, ಈ ವಯಸ್ಸಿಗೆ ಮುಖ ಯಾರು ನೋಡ್ತಾರೆ ಎಂದು ಗೊಣಗಿದಳು. ಸುಮ್ಮನಿರು ಎಂದು ಗದರಿಸಿದೆ. ಎಷ್ಟು ಡಬ್ಬಿ ಬೇಕೆಂದು ಲೆಕ್ಕ ಹಾಕಲು ಒಂದು ಅಳತೆ ಬೇಕಲ್ಲ. ಎಲ್ಲರಿಗೂ ಕೇಳುವಂತೆ ಅವಳಿಗೂ ಕೇಳಿದೆ, ಒಂದು ಸಲಕ್ಕೆ ಎಷ್ಟು ಹಚ್ಕೋತೀಯ ಅಮ್ಮ?

ಅವಳು ಯೋಚಿಸಿದಳು. ಆಮೇಲೆ ಎಡಗೈಯನ್ನು ಡಬ್ಬಿಯ ಹಾಗೆ ಬಾಗಿಸಿ, ಬಲಗೈಯ ತೋರುಬೆರಳನ್ನು ಅದರೊಳಗೆ ಇಳಿಸಿ, ಅಂಚಿನ ಸುತ್ತ ಒಂದು ಸುತ್ತು ಒರೆಸಿ ತೋರಿಸಿದಳು.

"ಇಷ್ಟು," ಎಂದಳು.